ರದ್ದಿಗೆ ಹೋದ ತಂಡ

ಕಳೆದ ವರ್ಷ ನಮ್ಮ ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಕ್ವಿಜ್ ಇತ್ತು. ನಾವು ಮೂವರು ಫೈನಲ್ ಸುತ್ತಿಗೆ ಹೋಗಿದ್ದೆವು. ಕೊನೆಯ ಎರಡು ಪ್ರಶ್ನೆ ಉಳಿದಿದ್ದಾಗ ನಮ್ಮ ಕಡೆ ಬಂದದ್ದು ಇದು: ‘ಮುಂಬೈನ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಗೆದ್ದ ಮೊದಲ ಭಾರತೀಯ ತಂಡ ಯಾವುದು?’

ನಾನು ಯೋಚಿಸಲೇ ಇಲ್ಲ. ‘ಮೋಹನ್ ಬಾಗಾನ್’ ಅಂದೆ. ತಪ್ಪು. ಪಕ್ಕದ ತಂಡದವರು ‘ಈಸ್ಟ್ ಬೆಂಗಾಲ್’ ಅಂದರು. ಅದೂ ತಪ್ಪು. ಮೂರನೆಯವರು ಪಾಸ್ ಅಂದರು. ಪ್ರೇಕ್ಷಕರಿಗೆ ಕೇಳಿದರು. ಇನ್ನೂರು ಜನ ಕುಳಿತಿದ್ದ ಸಭಾಂಗಣದಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಆಮೇಲೆ ಉತ್ತರ ಹೇಳಿದರು: ‘ಬೆಂಗಳೂರು ಮುಸ್ಲಿಮ್ಸ್, 1937.’

ಹಿಂದಿನ ಸಾಲಿನಿಂದ ಯಾರೋ ‘ಹಂಗೊಂದು ಟೀಮ್ ಇತ್ತೇನ್ರಿ?’ ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜೊತೆ ಹಾಸ್ಟೆಲ್‌ವರೆಗೂ ಬಂತು. ನನ್ನ ರೂಮಿನ ಗೋಡೆ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ಪೋಸ್ಟರ್ ಇದೆ. ಪಕ್ಕದ ರೂಮಿನವನು ಆರ್ಸೆನಲ್ ಜೆರ್ಸಿ ಹಾಕಿಕೊಂಡೇ ಇಂಟರ್ನಲ್ಸ್ ಬರೆಯುತ್ತಾನೆ. ಯಾವ ತಂಡ ಯಾವ ವರ್ಷ ಯಾರನ್ನು ಎಷ್ಟು ದುಡ್ಡಿಗೆ ಕೊಂಡಿತು ಎಂದು ನಾವು ಬಾಯಿಪಾಠ ಹೇಳುತ್ತೇವೆ. ನಮ್ಮದೇ ರಾಜ್ಯದ ತಂಡವೊಂದು ದೇಶದಲ್ಲೇ ಮೊದಲು ಮಾಡಿದ ಸಾಧನೆ ಮಾತ್ರ ನಮಗೆ ಕ್ವಿಜ್ ಮಾಸ್ತರ್ ಹೇಳಬೇಕಾಯಿತು.

1937ರ ಆ ತಂಡ

ಆ ರಾತ್ರಿ ಓದುತ್ತಾ ಕುಳಿತೆ. ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ಅಲ್ಲಿಂದ ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಬ್ರಿಟಿಷ್ ಸೇನಾ ತುಕಡಿಗಳದ್ದೇ ಕಾರುಬಾರು. 1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ಎದುರು ನಿಂತಿದ್ದು ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್. ಅದು ಸಾಮಾನ್ಯ ತಂಡವಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕೋಲ್ಕತ್ತ ಲೀಗ್ ಗೆದ್ದ ತಂಡ. ಅಂಥವರನ್ನು ಬೆಂಗಳೂರಿನವರು 1–0ರಿಂದ ಸೋಲಿಸಿದರು. ಮರುವರ್ಷ ಮತ್ತೆ ಕಪ್ ಗೆದ್ದರು. 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೇ ಸಲ ಗೆದ್ದರು.

ಈಗ ಒಂದು ಹೋಲಿಕೆ ಮಾಡೋಣ. 1911ರಲ್ಲಿ ಮೋಹನ್ ಬಾಗಾನ್ ಆಟಗಾರರು ಬ್ರಿಟಿಷ್ ರೆಜಿಮೆಂಟ್ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕತೆ ದೇಶಕ್ಕೆಲ್ಲ ಗೊತ್ತು. ಬರಿಗಾಲಲ್ಲಿ ಆಡಿದ್ದು, ಎದುರಾಳಿಗಳು ಬೂಟು ಹಾಕಿದ್ದು, ಎಲ್ಲ ಗೊತ್ತು. ಏಕೆ ಗೊತ್ತು? ಬಂಗಾಳಿಗಳು ಅದನ್ನು ಬರೆದಿಟ್ಟರು, ಹಾಡಿದರು, ಸಿನಿಮಾ ಮಾಡಿದರು. ಈಗಲೂ ಜುಲೈ 29ನ್ನು ಮೋಹನ್ ಬಾಗಾನ್ ದಿನ ಎಂದು ಆಚರಿಸುತ್ತಾರೆ. ನಮ್ಮ 1937ರ ತಂಡಕ್ಕೆ ಸಿಕ್ಕಿದ್ದು ವಿಜೇತರ ಪಟ್ಟಿಯಲ್ಲಿ ಒಂದು ಸಾಲು. ಆ ಪಟ್ಟಿ ಬೆಳೆಯುವುದೂ ನಿಂತಿದೆ. ಏಕೆಂದರೆ ರೋವರ್ಸ್ ಕಪ್ ಟೂರ್ನಿಯೇ ಈಗ ಇಲ್ಲ.

ಇದೊಂದೇ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿ ಸೋತ ಪಂದ್ಯ ಅದು. ಆ ಒಂದು ಗೋಲು ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಬೆಂಗಳೂರಿನ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಜನ ‘ಪಂಚ ಪಾಂಡವರು’ ಎಂದು ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಆ ತಂಡದಲ್ಲಿ ಎಂ. ಕೆಂಪಯ್ಯ ಇದ್ದರು. ಬೆಂಗಳೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಒಬ್ಬ ಫುಟ್‌ಬಾಲ್ ಆಟಗಾರನನ್ನು ನಿಲ್ಲಿಸಿಕೊಂಡ ಬಡಾವಣೆ ಅದು. ಇಂಥ ಊರಿಗೆ ಫುಟ್‌ಬಾಲ್ ಪರಂಪರೆ ಇಲ್ಲ ಎಂದು ಯಾರು ಹೇಳಿಯಾರು?

ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ. 1946–47, 1952–53, 1967–68 ಮತ್ತು 1968–69. ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಬಂಗಾಳ. ಮೊದಲ ಎರಡು ಸಲ ಗೆದ್ದಾಗ ನಮ್ಮ ಹತ್ತಿಮತ್ತೂರು ಮೈಸೂರಿನಲ್ಲಿ ಇರಲೇ ಇಲ್ಲ, ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆಮೇಲೆ ಏಕೀಕರಣವಾಯಿತು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು, 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. ಕಪ್ ಮಾತ್ರ ಮತ್ತೆ ಬರಲಿಲ್ಲ. ಕೊನೆಗೆ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. 54 ವರ್ಷಗಳ ಮೇಲೆ. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಅದೇ ಮೊದಲು. ಆ ದಿನ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಷ್ಟು ಜನ ಸ್ಟೇಟಸ್ ಹಾಕಿದ್ದೆವು? ನಾನಂತೂ ಹಾಕಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಟೆಲಿಫೋನ್, ವಿಮಾನ ಮತ್ತು ಚೆಂಡು

54 ವರ್ಷ ಏನಾಗಿತ್ತು? ಇದಕ್ಕೆ ಒಂದೇ ಕಾರಣ ಹೇಳುವುದು ಕಷ್ಟ. ಆದರೆ ಓದುತ್ತಾ ಹೋದಂತೆ ಉದ್ಯೋಗ ಹುಡುಕುವ ನಮ್ಮಂಥವರಿಗೆ ತಟ್ಟುವ ಒಂದು ಸಂಗತಿ ಸಿಕ್ಕಿತು.

ಆ ಕಾಲದ ಬೆಂಗಳೂರಿನ ದೊಡ್ಡ ತಂಡಗಳಲ್ಲಿ ಹಲವು ಕಾರ್ಖಾನೆಗಳ ತಂಡಗಳು. ಐಟಿಐ ಅಂದ ಕೂಡಲೇ ನಮಗೆ ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸ್ ನೆನಪಾಗುತ್ತದೆ. ಇದು ಆ ಐಟಿಐ ಅಲ್ಲ, 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ. ಇನ್ನೊಂದು, 1940ರಲ್ಲಿ ಹುಟ್ಟಿದ ಎಚ್‌ಎಎಲ್, ವಿಮಾನ ಕಾರ್ಖಾನೆ. 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದಾಗ ಐಟಿಐ ಅದರಲ್ಲಿ ಆಡಿತು. ಆಮೇಲೆ ಎಚ್‌ಎಎಲ್ ಕೂಡ ರಾಷ್ಟ್ರೀಯ ಮಟ್ಟಕ್ಕೆ ಏರಿತು.

ಇಂಥ ತಂಡಗಳ ಗುಟ್ಟು ಬಹಳ ಸರಳ. ಚೆನ್ನಾಗಿ ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ನೌಕರಿ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಕೆಲಸ, ಟೂರ್ನಿ ಇದ್ದಾಗ ರಜೆ. ಮೂವತ್ತು ದಾಟಿ ಕಾಲು ಸೋತ ಮೇಲೂ ನೌಕರಿ ಹೋಗುವುದಿಲ್ಲ. ನಿವೃತ್ತಿಯವರೆಗೂ ಸಂಬಳ, ಆಮೇಲೆ ಪಿಎಫ್. ಬಡವರ ಮನೆಯ ಹುಡುಗನಿಗೆ ಫುಟ್‌ಬಾಲ್ ಎಂದರೆ ಬರೀ ಆಟವಲ್ಲ, ಮನೆಗೆ ಬರುವ ಖಾಯಂ ಸಂಬಳ. ‘ಆಡಿಕೊಂಡು ಹಾಳಾಗಬೇಡ’ ಎನ್ನುವ ಅಪ್ಪನ ಮುಂದೆ ಇಡಬಹುದಾದ ಉತ್ತರ.

ಆ ವ್ಯವಸ್ಥೆ ನಿಧಾನಕ್ಕೆ ಸವೆಯಿತು. ಮೊಬೈಲ್ ಬಂದು ಟೆಲಿಫೋನ್ ಕಾರ್ಖಾನೆ ಸೊರಗಿತು. ಸೊರಗಿದ ಕಾರ್ಖಾನೆಯಲ್ಲಿ ಫುಟ್‌ಬಾಲ್ ಆಟಗಾರನಿಗೆ ಹೊಸ ನೌಕರಿ ಎಲ್ಲಿಂದ ಬರಬೇಕು? ಇತ್ತ ಲೀಗ್ ಕೂಡ ವೃತ್ತಿಪರವಾಯಿತು. ಕ್ಲಬ್ ಅಂದರೆ ಅದಕ್ಕೇ ಬೇರೆ ಕಂಪನಿ ಇರಬೇಕು, ಮೈದಾನ ಇರಬೇಕು, ಕಿರಿಯರ ತಂಡಗಳಿರಬೇಕು ಎಂಬ ನಿಯಮಗಳು ಬಂದವು. ಪಂಜಾಬಿನ ಫಗ್ವಾರಾ ಎಂಬ ಸಣ್ಣ ಊರಿನ ಬಟ್ಟೆ ಗಿರಣಿಯ ತಂಡ ಜೆಸಿಟಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದಿತ್ತು, 2011ರಲ್ಲಿ ಬಾಗಿಲು ಹಾಕಿತು. ಎಚ್‌ಎಎಲ್ 2010ರಿಂದ 2012ರವರೆಗೆ ಎರಡು ಋತು ಐ–ಲೀಗ್‌ನಲ್ಲಿ ಆಡಿ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಪ್ರಯತ್ನದಲ್ಲೇ ಐ–ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಆಡುವವರು ಒಪ್ಪಂದದ ಆಟಗಾರರು. ಒಪ್ಪಂದ ಮುಗಿದರೆ ಮುಂದಿನ ದಾರಿ ಅವರೇ ನೋಡಿಕೊಳ್ಳಬೇಕು. ಕ್ಯಾಂಪಸ್ ಡ್ರೈವ್‌ಗೆ ಕಾಯುತ್ತಿರುವ ನಮಗೆ ಖಾಯಂ ಮತ್ತು ಗುತ್ತಿಗೆ ಎಂಬ ಎರಡು ಪದಗಳ ನಡುವಿನ ದೂರ ಯಾರೂ ಹೇಳಿಕೊಡಬೇಕಿಲ್ಲ.

ಗೋಡೆ ಮೇಲಿನ ನನ್ನ ಮ್ಯಾಂಚೆಸ್ಟರ್ ಯುನೈಟೆಡ್ ಹುಟ್ಟಿದ್ದೂ 1878ರಲ್ಲಿ ರೈಲ್ವೆ ಕಾರ್ಮಿಕರ ತಂಡವಾಗಿ. ಪಕ್ಕದ ರೂಮಿನವನ ಆರ್ಸೆನಲ್ 1886ರಲ್ಲಿ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು. ಅಂದರೆ ಅವೂ ಐಟಿಐ, ಎಚ್‌ಎಎಲ್ ಥರದವೇ. ವ್ಯತ್ಯಾಸ ಏನು? ಅವು ಕಾರ್ಖಾನೆಯ ನೆರಳಿನಿಂದ ಬೇಗ ಹೊರಬಂದವು. ಊರು ಅವನ್ನು ತನ್ನದೆಂದು ಎತ್ತಿಕೊಂಡಿತು. ತಂಡದ ಹಿಂದೆ ನಿಂತಿದ್ದು ಒಂದು ಕಂಪನಿಯ ಸಹಿ ಮಾತ್ರವಲ್ಲ, ಊರಿನ ನೆನಪು ಕೂಡ.

ಪರದೆ ಆರಿದ ಊರು

ಈ ಮಾತಿಗೆ ಇನ್ನೂ ದೂರದ ಸಾಕ್ಷಿ ಒಂದಿದೆ. ಯುರೋಪಿನ ಲಿಥುವೇನಿಯಾ ದೇಶದ್ದು. ಆ ಇಡೀ ದೇಶದ ಜನಸಂಖ್ಯೆ 30 ಲಕ್ಷದೊಳಗೆ, ನಮ್ಮ ಹಾವೇರಿ ಜಿಲ್ಲೆಯ ಎರಡರಷ್ಟೂ ಇಲ್ಲ. ಅಲ್ಲಿ ಜನ ಹುಚ್ಚೆದ್ದು ನೋಡುವುದು ಬ್ಯಾಸ್ಕೆಟ್‌ಬಾಲ್. ಅಂಥಲ್ಲಿ ಪನೆವೆಝಿಸ್ ಎಂಬ, ಲಕ್ಷದೊಳಗಿನ ಜನರಿರುವ ಊರಿನಲ್ಲಿ 1964ರಲ್ಲಿ ಒಂದು ಫುಟ್‌ಬಾಲ್ ತಂಡ ಹುಟ್ಟಿತು. ಹೆಸರು ‘ಎಕ್ರಾನಾಸ್’. ಅವರ ಭಾಷೆಯಲ್ಲಿ ಪರದೆ ಎಂದರ್ಥ. ಊರಿನಲ್ಲಿದ್ದ ಟಿವಿ ಪಿಕ್ಚರ್ ಟ್ಯೂಬ್ ಕಾರ್ಖಾನೆಯ ಹೆಸರೂ ಅದೇ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್. ಪಿಕ್ಚರ್ ಟ್ಯೂಬ್ ಅಂದರೆ ಕ್ಯಾಥೋಡ್ ರೇ ಟ್ಯೂಬ್. ಮೊದಲ ವರ್ಷದ ಲ್ಯಾಬ್‌ನಲ್ಲಿ ಹಳೇ ಆಸಿಲೋಸ್ಕೋಪ್ ಮುಂದೆ ಕುಳಿತು ಅಲೆ ನಿಲ್ಲಿಸಲು ಒದ್ದಾಡಿದವರಿಗೆಲ್ಲ ಅದರ ಪರಿಚಯವಿದೆ. ಎಲ್‌ಸಿಡಿ ಬಂತು, ಡಬ್ಬದಂಥ ಟಿವಿಗಳು ಮೂಲೆ ಸೇರಿದವು. ನಮಗೆ ಇದು ಪಠ್ಯದಲ್ಲಿ ಒಂದು ಪ್ಯಾರಾ, ಎರಡು ಅಂಕದ ಪ್ರಶ್ನೆ. ಆ ಊರಿಗೆ ಅದು 2006ರಲ್ಲಿ ಕಾರ್ಖಾನೆಯ ದಿವಾಳಿ.

ಕುತೂಹಲದ ಸಂಗತಿ ಏನೆಂದರೆ ತಂಡ ಆಗ ಸಾಯಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ, 2008ರಿಂದ 2012ರವರೆಗೆ ಸತತ ಐದು ವರ್ಷ ದೇಶದ ಚಾಂಪಿಯನ್ ಆಯಿತು. ಆಮೇಲೆ ದುಡ್ಡು ಮುಗಿಯಿತು. 2015ರಲ್ಲಿ ಬಾಗಿಲು ಹಾಕಿತು. ಐದು ಪ್ರಶಸ್ತಿಗಳು ತಂಡವನ್ನು ಉಳಿಸಲಿಲ್ಲ. ಗೆದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಸುಳ್ಳು.

ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ಊರಿನ ಹೆಸರಿನಲ್ಲೇ ಹೊಸ ಕ್ಲಬ್ ಹುಟ್ಟಿ 2023ರಲ್ಲಿ ದೇಶದ ಚಾಂಪಿಯನ್ ಆಯಿತು. ಇನ್ನು ಕೆಲವರು ಹಳೆಯ ಹೆಸರು ಬಿಡಲಿಲ್ಲ. ಎಕ್ರಾನಾಸ್ ಹೆಸರಿನಲ್ಲೇ ಮತ್ತೆ ತಂಡ ಕಟ್ಟಿ ಕೆಳಗಿನ ಹಂತದಿಂದ ಆಡಿಸಿದರು. ಪರದೆ ಮಾಡುವ ಕಾರ್ಖಾನೆ ಇಲ್ಲ, ಪರದೆ ಎಂಬ ಹೆಸರಿನ ತಂಡ ಇದೆ. ಹೆಸರು, ಇಸವಿ, ಆಡಿದವರ ಪಟ್ಟಿ ಊರಿನ ಬಳಿ ಇದ್ದುದಕ್ಕೇ ಅಲ್ಲವೇ ಮತ್ತೆ ಕಟ್ಟಲು ಸಾಧ್ಯವಾದದ್ದು?

ನಾನು ಮಾರಿದ ಪುಸ್ತಕ

ಇಷ್ಟೆಲ್ಲ ಬರೆದು ಬೇರೆಯವರ ಮರೆವನ್ನು ಬೈಯಲು ನನಗೆ ಹಕ್ಕಿಲ್ಲ. ಆ ಮಾತನ್ನು ಹೇಳಿಬಿಡುತ್ತೇನೆ.

ನಮ್ಮದು ಸವಣೂರು ತಾಲ್ಲೂಕಿನ ಹತ್ತಿಮತ್ತೂರು. ನಮ್ಮಲ್ಲಿ ಫುಟ್‌ಬಾಲ್ ಅಷ್ಟಕ್ಕಷ್ಟೆ, ವಾಲಿಬಾಲ್ ಜೋರು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ದೊಡ್ಡಪ್ಪ ಮತ್ತು ಅವರ ವಾರಿಗೆಯವರು ಸೇರಿ ಒಂದು ತಂಡ ಕಟ್ಟಿದ್ದರು. ಮನೆಮನೆಗೆ ಹೋಗಿ ಪಟ್ಟಿ ಎತ್ತಿ ನೆಟ್ ತಂದರು. ಹೊನಲು ಬೆಳಕಿನ ಪಂದ್ಯ ಎಲ್ಲಿ ನಡೆದರೂ ಟ್ರ್ಯಾಕ್ಟರ್ ಹತ್ತಿ ಹೋಗುತ್ತಿದ್ದರು. ಲೆಕ್ಕಪತ್ರಕ್ಕೆ ಒಂದು ಉದ್ದ ಪುಸ್ತಕ ಇತ್ತು, ಕೆಂಪು ಬಟ್ಟೆಯ ಬೆನ್ನಿನದು. ಯಾರು ಎಷ್ಟು ಕೊಟ್ಟರು, ಯಾವ ಊರಲ್ಲಿ ಯಾರ ಎದುರು ಆಡಿದರು, ಎಷ್ಟು ಅಂಕಕ್ಕೆ ಗೆದ್ದರು, ಯಾರು ಸರ್ವಿಸ್ ಕೆಡಿಸಿದರು ಎಂಬುದು ಕೂಡ ದೊಡ್ಡಪ್ಪನ ಗುಂಡನೆಯ ಅಕ್ಷರದಲ್ಲಿ ಇತ್ತು.

2020ರ ಲಾಕ್‌ಡೌನ್‌ನಲ್ಲಿ ಶಾಲೆ ಇರಲಿಲ್ಲ. ಅಟ್ಟ ಸ್ವಚ್ಛ ಮಾಡು ಅಂದರು. ಮಾಡಿದೆ. ಅಕ್ಕನ ಹಳೇ ಗೈಡುಗಳು, ನನ್ನ ನೋಟ್‌ಬುಕ್ಕುಗಳು, ಹಳೇ ಪೇಪರ್ ಎಲ್ಲ ಕಟ್ಟಿ, ಲಾಕ್‌ಡೌನ್ ಸಡಿಲವಾದ ಮೇಲೆ ಬಂದ ರದ್ದಿಯವನಿಗೆ ತೂಗಿ ಕೊಟ್ಟೆ. ಕಿಲೋಗೆ ಎಂಟು ರೂಪಾಯಿ. ಆ ಕಟ್ಟಿನಲ್ಲಿ ಕೆಂಪು ಬೆನ್ನಿನ ಉದ್ದ ಪುಸ್ತಕವೂ ಇತ್ತು. ತೆರೆದು ನೋಡಿದ್ದೆ. ಮೊದಲ ಪುಟದಲ್ಲಿ ಹನ್ನೊಂದು ಜನರ ಹೆಸರಿತ್ತು. ಹಳೇ ಲೆಕ್ಕ ಅಂದುಕೊಂಡು ಕಟ್ಟಿಗೆ ಸೇರಿಸಿದೆ. ಬಂದ ದುಡ್ಡಲ್ಲಿ ಮೊಬೈಲ್ ರೀಚಾರ್ಜ್ ಮಾಡಿಸಿದೆ.

ಎರಡು ವರ್ಷದ ಹಿಂದೆ ಆ ಪುಸ್ತಕ ಬೇಕಾಯಿತು. ಊರ ಹುಡುಗರು ಇಷ್ಟು ವರ್ಷ ಆಡಿದ್ದು ಒಬ್ಬ ರೈತರ ಹೊಲದ ಅಂಚಿನ ಖಾಲಿ ಜಾಗದಲ್ಲಿ. ಆ ಜಾಗ ತಗ್ಗು ಇತ್ತಂತೆ. ದೊಡ್ಡಪ್ಪನ ತಂಡ ಸ್ವಂತ ಖರ್ಚಿನಲ್ಲಿ ನಲವತ್ತು ಟ್ರ್ಯಾಕ್ಟರ್ ಗರಸು ಹಾಕಿಸಿ ಸಮ ಮಾಡಿತ್ತು. ‘ನಿಮ್ಮ ಹುಡುಗರು ಆಡೋತನಕ ಆಡ್ಲಿ’ ಎಂದು ಆ ಹಿರಿಯರು ಮಾತು ಕೊಟ್ಟು ಅದೇ ಪುಸ್ತಕದಲ್ಲಿ ಸಹಿ ಹಾಕಿದ್ದರು. ಅವರು ತೀರಿಕೊಂಡರು. ಮಕ್ಕಳು ಜಮೀನು ಪಾಲು ಮಾಡಿಕೊಂಡರು. ಆ ಜಾಗವನ್ನೂ ಸೇರಿಸಿ ಬಿತ್ತುವುದು ಎಂದಾಯಿತು. ಅವರದು ತಪ್ಪಿಲ್ಲ, ಅದು ಅವರ ಹೊಲ. ದೊಡ್ಡಪ್ಪ ಹೋಗಿ ಮಾತಾಡಿದಾಗ ಹಿರಿಯ ಮಗ ಬಹಳ ಮರ್ಯಾದೆಯಿಂದಲೇ ಹೇಳಿದರಂತೆ: ‘ಕಾಕಾ, ಅಪ್ಪ ಬರಕೊಟ್ಟಿದ್ದು ಇದ್ರ ತೋರಿಸ್ರಿ. ಅಪ್ಪನ ಮಾತು ನಾವು ಮೀರಂಗಿಲ್ಲ. ತಮ್ಮಂದ್ರಿಗೂ ನಾನೇ ಹೇಳ್ತೀನಿ.’

ದೊಡ್ಡಪ್ಪ ಮನೆಗೆ ಬಂದು ಅಟ್ಟ ಹತ್ತಿದರು. ಅರ್ಧ ದಿನ ಹುಡುಕಿದರು. ‘ತಮ್ಮಾ, ಆ ಕೆಂಪು ಬೆನ್ನಿನ ಪುಸ್ತಕ ಎಲ್ಲರೆ ಕಂಡಿಯೇನು?’ ಅಂತ ನನಗೆ ಫೋನ್ ಮಾಡಿದರು. ‘ಇಲ್ಲ ದೊಡ್ಡಪ್ಪ’ ಅಂದೆ.

ಆ ಮುಂಗಾರಿಗೆ ಅಲ್ಲಿ ಗೋವಿನಜೋಳ ಎದ್ದಿತು. ನೆಟ್ ಕಟ್ಟುತ್ತಿದ್ದ ಎರಡು ಕಂಬಗಳನ್ನು ಅವರೇ ಜೋಪಾನವಾಗಿ ಕಿತ್ತು ನಮ್ಮ ಮನೆ ಗೋಡೆಗೆ ಆನಿಸಿ ಹೋಗಿದ್ದರು. ಊರಿಗೆ ಹೋದಾಗಲೆಲ್ಲ ನಾನು ಆ ಕಂಬ ದಾಟಿಯೇ ಒಳಗೆ ಹೋಗಬೇಕು.

ನಮ್ಮ ಊರಿನಲ್ಲಿ ರಾಷ್ಟ್ರಕೂಟರ ಕಾಲದ ಶಾಸನಗಳು ಸಿಕ್ಕಿವೆ. ಒಂದನೇ ಕೃಷ್ಣನ ಕಾಲದ್ದೂ ಇದೆ, ಅಂದರೆ ಎಂಟನೇ ಶತಮಾನದ್ದು. ಜೆ.ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದ್ದರಿಂದ ಹತ್ತಿಮತ್ತೂರು ಎಂಬ ಹೆಸರು ಇತಿಹಾಸದ ಪುಸ್ತಕಗಳಲ್ಲಿದೆ. ಸಾವಿರದ ಇನ್ನೂರು ವರ್ಷದ ಹಿಂದಿನವರು ಕಲ್ಲಿನ ಮೇಲೆ ಬರೆಸಿಟ್ಟದ್ದು ಉಳಿದಿದೆ. ಮೂವತ್ತು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಬರೆದಿಟ್ಟದ್ದು ನನ್ನ ಕೈಯಲ್ಲಿ ಉಳಿಯಲಿಲ್ಲ.

‘ಇತಿಹಾಸ ಬರೆದ್ರ ಪ್ಯಾಕೇಜ್ ಸಿಗತೈತೇನು?’

ಇದನ್ನೆಲ್ಲ ಹೇಳಿದಾಗ ನನ್ನ ರೂಮ್‌ಮೇಟ್ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆ್ಯಪ್ಟಿಟ್ಯೂಡ್, ಕೋಡಿಂಗ್, ಬ್ಯಾಕ್‌ಲಾಗ್ ನಡುವೆ ಹಳೇ ತಂಡಗಳ ಇತಿಹಾಸ ಯಾರಿಗೆ ಬೇಕು?

ನನ್ನ ಉತ್ತರ ಇಷ್ಟು. ಪ್ಯಾಕೇಜ್ ಸಿಗುವುದಿಲ್ಲ. ಆದರೆ ಕೇಳುವ ಹಕ್ಕು ಸಿಗುತ್ತದೆ. ಮೈದಾನ ಬೇಕು ಎಂದು ಮನವಿ ಕೊಡಲು ಹೋದರೆ ‘ಎಷ್ಟು ವರ್ಷದಿಂದ ಆಡ್ತಿದ್ದೀರಿ, ದಾಖಲೆ ಏನಿದೆ?’ ಎಂದು ಕೇಳುತ್ತಾರೆ. ಪ್ರಾಯೋಜಕರ ಬಳಿ ಹೋದರೂ ಅದೇ ಪ್ರಶ್ನೆ. ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವವನಿಗೆ ಪ್ರಮಾಣಪತ್ರವೇ ಜೀವ. ‘ನಾವು ಗೆದ್ದಿದ್ವಿ’ ಎನ್ನುವ ಮಾತಿಗೆ ಯಾವ ಕೌಂಟರ್‌ನಲ್ಲೂ ಸೀಲು ಬೀಳುವುದಿಲ್ಲ. ದಾಖಲೆ ಎನ್ನುವುದು ಹಳೇ ಮುದುಕರ ಹವ್ಯಾಸವಲ್ಲ, ಅದು ಬಡವರ ತಂಡದ ಆಸ್ತಿಪತ್ರ.

ಎರಡನೆಯದು, ಇತಿಹಾಸ ನಮಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಐಟಿಐ, ಜೆಸಿಟಿ, ಎಕ್ರಾನಾಸ್ ಮೂರೂ ಹೇಳುವುದು ಒಂದೇ ಮಾತು: ತಂಡದ ಕಂಬ ಒಂದೇ ಆಗಿರಬಾರದು. ಇವತ್ತು ನಮ್ಮ ಹಳ್ಳಿಗಳ ತಂಡಗಳಿಗೆ ಚುನಾವಣೆ ಬಂದಾಗ ಯಾರೋ ಒಬ್ಬರು ಜೆರ್ಸಿ ಕೊಡಿಸುತ್ತಾರೆ, ಬೆನ್ನ ಮೇಲೆ ಅವರ ಫೋಟೊ. ಚುನಾವಣೆ ಮುಗಿದ ಮೇಲೆ ಜೆರ್ಸಿ ಹರಿಯುತ್ತದೆ, ತಂಡವೂ ಹರಿಯುತ್ತದೆ. ನೂರು ಮನೆಯಿಂದ ಐವತ್ತು ರೂಪಾಯಿಯಂತೆ ಬಂದ ಐದು ಸಾವಿರ, ಒಬ್ಬರೇ ಕೊಟ್ಟ ಐವತ್ತು ಸಾವಿರಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ನಮಗೆ ನೆನಪಿಡುವ ಬುದ್ಧಿ ಇಲ್ಲ ಎಂದಲ್ಲ. ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಜಿಲ್ಲೆಯಲ್ಲಿ ಕೊಬ್ಬರಿ ಹೋರಿ ಹಬ್ಬ ಶುರುವಾಗುತ್ತದೆ. ಒಂದೊಂದು ಹೋರಿಗೂ ಹೆಸರು, ಅಭಿಮಾನಿ ಬಳಗ, ಬಾವುಟ, ಟಿ–ಶರ್ಟ್. ಯಾವ ಹೋರಿ ಯಾವ ಅಖಾಡದಲ್ಲಿ ಕೈಗೆ ಸಿಗದೆ ಹೋಯಿತು ಎಂದು ನಮ್ಮ ಅಜ್ಜಿಯೂ ಹೇಳುತ್ತಾಳೆ. ಸತ್ತ ಹೋರಿಯ ಮೆರವಣಿಗೆ ಮಾಡಿ ಸಮಾಧಿ ಕಟ್ಟಿದ ಊರುಗಳಿವೆ. ಹೋರಿಗೆ ಇಷ್ಟು ಪ್ರೀತಿ ತೋರಿಸುವ ನಾವು, ನಮ್ಮೂರ ಹೆಸರು ಹೊತ್ತು ಆಡಿದ ಹುಡುಗರಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಡಲಾರೆವೇ?

ನಾವೇನು ಮಾಡಬಹುದು?

ದೊಡ್ಡ ಯೋಜನೆ ಏನೂ ಬೇಡ. ನಿಮ್ಮೂರಲ್ಲಿ ಕಬಡ್ಡಿ, ವಾಲಿಬಾಲ್, ಕೊಕ್ಕೊ, ಕ್ರಿಕೆಟ್ ಯಾವುದೇ ತಂಡವಿದ್ದರೂ ಹಳಬರನ್ನು ಕೂರಿಸಿಕೊಂಡು ಹೆಸರು, ಇಸವಿ, ಊರು ಬರೆದುಕೊಳ್ಳಿ. ಮನೆಯ ಗೂಡಿನಲ್ಲಿ ಧೂಳು ಹಿಡಿದ ಕಪ್‌ಗಳ ಮೇಲಿನ ಬರಹದ ಫೋಟೊ ತೆಗೆಯಿರಿ. ಅವುಗಳ ತಗಡಿನ ಮೇಲೆ ಇಸವಿ ಕೆತ್ತಿರುತ್ತಾರೆ. ಬರೆದದ್ದನ್ನು ಎರಡು ಪ್ರತಿ ಮಾಡಿ, ಒಂದನ್ನು ಊರ ಗ್ರಂಥಾಲಯಕ್ಕೆ ಕೊಡಿ. ತಂಡ ಗಟ್ಟಿಯಾಗಿದ್ದರೆ ಸಂಘವಾಗಿ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸದಸ್ಯರಿದ್ದರೆ ಸಾಕು. ಒಂದು ವಾಲಿಬಾಲ್ ತಂಡ ಮತ್ತು ಒಬ್ಬ ಹೆಚ್ಚಿಗೆ. ಮುಖ್ಯವಾಗಿ, ಜಾಗದ ಮಾತುಕತೆ ಬಾಯಲ್ಲಿ ಮುಗಿಸಬೇಡಿ. ಕೊಟ್ಟವರು ಎಷ್ಟೇ ಒಳ್ಳೆಯವರಿರಲಿ, ಕಾಗದದ ಮೇಲೆ ತನ್ನಿ. ಆ ಕಾಗದವನ್ನು ಹದಿನೈದು ವರ್ಷದ ಹುಡುಗನ ಕೈಗೆ ಸಿಗದಂತೆ ಇಡಿ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡಪ್ಪನಿಗೆ ನಿಜ ಹೇಳಿದೆ. ಕಟ್ಟೆ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚುತ್ತಿದ್ದ ಬೆರಳು ನಿಂತಿತು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, ‘ಎಷ್ಟು ಬಂತಲೇ?’ ಅಂದರು. ಇಡೀ ಕಟ್ಟಿಗೆ ತೊಂಬತ್ತಾರು ರೂಪಾಯಿ ಅಂದೆ. ‘ನಲವತ್ತು ಟ್ರ್ಯಾಕ್ಟರ್ ಗರಸು’ ಎಂದಷ್ಟೇ ಹೇಳಿ ಎಲೆ ಬಾಯಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಅವರೇ ಕರೆದರು. ‘ಪುಸ್ತಕ ಹೋತು. ನನ್ನ ತಲಿ ಇನ್ನೂ ಐತಿ. ಅದೂ ರದ್ದಿಗೆ ಹೋಗೂಕಿಂತ ಮೊದಲ ಬರ್ಕೊ.’

ಬರೆದುಕೊಂಡೆ. ಹನ್ನೊಂದರಲ್ಲಿ ಒಂಬತ್ತು ಹೆಸರು ನೆನಪಾದವು. ಹತ್ತನೆಯದನ್ನು ಹಳೇ ತಂಡದವರೊಬ್ಬರು ಹೇಳಿದರು. ಹನ್ನೊಂದನೆಯವರು ಯಾರೆಂದು ಇನ್ನೂ ಯಾರಿಗೂ ನೆನಪಾಗಿಲ್ಲ. ಎಡಗೈಯಲ್ಲಿ ಸ್ಮ್ಯಾಶ್ ಹೊಡೆಯುತ್ತಿದ್ದರು, ಎರಡೇ ವರ್ಷ ಊರಲ್ಲಿದ್ದರು ಎನ್ನುವುದಷ್ಟೇ ಗೊತ್ತು. ಆ ಹೆಸರು ನಾನು ಓದಿದ್ದೆ, ಮೊದಲ ಪುಟದಲ್ಲೇ ಇತ್ತು. ಎಷ್ಟು ಕಣ್ಣು ಮುಚ್ಚಿ ಯೋಚಿಸಿದರೂ ಬರುತ್ತಿಲ್ಲ.

ನನ್ನ ಹೊಸ ಪುಸ್ತಕದಲ್ಲಿ ಹನ್ನೊಂದನೇ ಸಾಲನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮೂರ ಪುಸ್ತಕದಲ್ಲಿ ಅಂಥ ಸಾಲು ಬೀಳುವ ಮೊದಲು ಪೆನ್ನು ಹಿಡಿಯಿರಿ.

– ಬಿ.ಇ. ವಿದ್ಯಾರ್ಥಿ, ಹತ್ತಿಮತ್ತೂರು, ಸವಣೂರು ತಾಲ್ಲೂಕು